ನಿಂತರೆ ಬಂದ್ ಆಗುವ ಗಾಡಿ

ಸಿಂಧನೂರು,
೧೯ ನವೆಂಬರ್ ೨೦೨೫, ಬುಧವಾರ

ಪ್ರೀತಿಯ ಮಗಳು ಶಿವಗಂಗಾಳಿಗೆ, ನಿನ್ನ ಅಪ್ಪ ಮನಸಾರೆ ಹರಸಿ ಬರೆಯುವುದು.

ಮೊದಲು ನಿನ್ನ ಹಿಮ್ಮಡಿಯ ಸುದ್ದಿ ಹೇಳು. ಪರೇಡಿನ ಬೂಟು ಕಚ್ಚಿ ಗುಳ್ಳೆ ಎದ್ದಿದೆ ಎಂದು ಮೊನ್ನೆ ಭಾನುವಾರ ಹೇಳಿದ್ದೆ. ಅದನ್ನು ಒಡೆಯಬೇಡ. ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿ, ಹತ್ತಿ ಇಟ್ಟು ಕಟ್ಟು. ನಿನ್ನ ಅವ್ವ ಎರಡು ಜೋಡಿ ದಪ್ಪ ಕಾಲುಚೀಲ ತಂದಿಟ್ಟಿದ್ದಾಳೆ, ಈ ಕಾಗದದ ಜೊತೆಗೇ ಕಳಿಸುತ್ತೇನೆ. ಕಲಬುರಗಿಯಲ್ಲಿ ಬೆಳಗಿನ ಚಳಿ ಜೋರಾಗಿದೆ ಎಂದು ಪೇಪರಿನಲ್ಲಿ ಓದಿದೆ. ಐದು ಗಂಟೆಗೇ ಮೈದಾನಕ್ಕೆ ಇಳಿಯುವ ನಿಮಗೆ ಕಿವಿಗೆ ಬಟ್ಟೆ ಕಟ್ಟಿಕೊಳ್ಳಲು ಬಿಡುತ್ತಾರೋ ಇಲ್ಲವೋ ತಿಳಿಯದು. ಇಲ್ಲಿ ನಾವಿಬ್ಬರೂ ಅಡ್ಡಿಯಿಲ್ಲ. ಭತ್ತದ ಕಟಾವು ನಡೆದಿದೆ. ರೈಸ್ ಮಿಲ್ಲಿನ ಧೂಳು ಒಣಹಾಕಿದ ಬಟ್ಟೆಯ ಮೇಲೆಲ್ಲ ಕೂರುತ್ತದೆ. ನಿನ್ನ ಅವ್ವನಿಗೆ ಸ್ವಲ್ಪ ಕೆಮ್ಮು. ಔಷಧಿ ಕುಡಿ ಎಂದರೆ, "ಮೊದಲ ನಿಮ್ಮ ತಲ್ಯಾಗಿನ ಹುಳಕ್ಕ ಔಷಧಿ ಹಾಕ್ರಿ, ಆಮ್ಯಾಲ ನನ್ನ ಕೆಮ್ಮು ನೋಡೂಣು" ಎನ್ನುತ್ತಾಳೆ. ಆ ಹುಳ ಯಾವುದು ಎಂಬುದನ್ನೇ ಬರೆಯಲು ಕುಳಿತಿದ್ದೇನೆ.

ಇದು ಫೋನಿನಲ್ಲಿ ಹೇಳುವ ಮಾತಲ್ಲ. ತರಬೇತಿ ಶಾಲೆಯವರು ವಾರಕ್ಕೊಮ್ಮೆ ಕೊಡುವ ಹತ್ತು ನಿಮಿಷದಲ್ಲಿ ನೀನು ಲಿಂಗಸುಗೂರಿನ ನಿನ್ನ ಮನೆಗೂ ಮಾತಾಡಬೇಕು, ಇಲ್ಲಿಗೂ ಮಾತಾಡಬೇಕು. ಹಿಂದೆ ಸಾಲಿನಲ್ಲಿ ನಿಂತವರ ಕಿವಿ ಬೇರೆ. ಮೇಲಾಗಿ ವಿಷಯ ನಿನ್ನ ಗಂಡ ಚನ್ನವೀರನಿಗೆ ಸಂಬಂಧಿಸಿದ್ದು. ನಾನು ಹತ್ತೊಂಬತ್ತು ವರ್ಷ ಬಸ್ ಕಂಡಕ್ಟರ್, ಹನ್ನೆರಡು ವರ್ಷ ನಿಲ್ದಾಣದ ಕಂಟ್ರೋಲರ್ ಆಗಿದ್ದವನು. ಯಾವ ಬಸ್ ಎಷ್ಟಕ್ಕೆ ಬಂತು, ಎಷ್ಟು ತಡ, ಯಾಕೆ ತಡ ಎಂದು ಬರೆದೇ ರೂಢಿ. ಇದನ್ನೂ ಹಾಗೆಯೇ ಬರೆಯುತ್ತೇನೆ. ನೀನು ಪೊಲೀಸ್ ಆಗುವವಳು, ಓದಿ ತೂಗಿ ನೋಡು.

ನಮ್ಮ ಬಿಳಿ ಪೆಟ್ರೋಲ್ ಕಾರು, ನಾನು ನಿವೃತ್ತಿಯಾದ ವರ್ಷ ತಂದದ್ದು, ಅಕ್ಟೋಬರ್ ಇಪ್ಪತ್ತೆಂಟರಿಂದ ನಿಂತರೆ ಸಾಕು ಬಂದ್ ಆಗುತ್ತಿತ್ತು. ಓಡುವಾಗ ಯಾವ ದೋಷವೂ ಇಲ್ಲ. ಬ್ರೇಕ್ ಒತ್ತಿ, ಗೇರ್ ತೆಗೆದು, ಆಕ್ಸಿಲರೇಟರಿನಿಂದ ಕಾಲೆತ್ತಿದರೆ ಎಂಜಿನ್ ಎರಡು ಸಲ ತೇಕಿ ಸುಮ್ಮನಾಗುತ್ತಿತ್ತು. ಮೊದಲ ಸಲ ಹಾಗಾದದ್ದು ಎಪಿಎಂಸಿ ಗೇಟಿನ ಮುಂದೆ, ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ. ಹಿಂದೆ ಭತ್ತದ ಲಾರಿಗಳ ಸಾಲು. ಒಬ್ಬ ಡ್ರೈವರ್ ತಲೆ ಹೊರಗೆ ಹಾಕಿ, "ಯಜಮಾನ್ರ, ಮಕ್ಕೊಳ್ಳಾಕ ಮನಿ ಇಲ್ಲೇನ್ರಿ?" ಎಂದು ಕೂಗಿದ. ಆ ದಿನವೇ ಹಳೆಯ ಡೈರಿಯೊಂದನ್ನು ತೆಗೆದು ಎಲ್ಲಿ, ಎಷ್ಟು ಹೊತ್ತಿಗೆ, ಎಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ ಎಂದು ಬರೆಯತೊಡಗಿದೆ. ನವೆಂಬರ್ ಎಂಟರವರೆಗೆ ಮೂವತ್ತೊಂದು ಸಲ. ಎರಡನೇ ತಾರೀಖು ನಿನ್ನ ಗಂಡ, ಮಗಳು ಎಂದಿನಂತೆ ಭಾನುವಾರದ ಊಟಕ್ಕೆ ಬಂದಾಗ ಬಸ್ ನಿಲ್ದಾಣದಿಂದ ಮನೆಯವರೆಗೆ ನಾಲ್ಕು ಸಲ ನಿಂತಿತು. ನಿನ್ನ ಮಗಳು ಭುವನಿ ಪ್ರತಿ ಸಲವೂ ಚಪ್ಪಾಳೆ ತಟ್ಟಿ, "ತಾತಾ, ಗಾಡಿ ಮತ್ತ ಮಕ್ಕೊಂತು" ಎನ್ನುತ್ತಿದ್ದಳು. ನನಗೆ ನಗು ಬರಲಿಲ್ಲ.

ಮೊದಲು ಪೆಟ್ರೋಲಿನ ಮೇಲೆ ಅನುಮಾನ ಪಟ್ಟೆ. ಬೇರೆ ಬಂಕಿನಲ್ಲಿ ಹಾಕಿಸಿ ನೋಡಿದೆ, ಫಲವಿಲ್ಲ. ಆಮೇಲೆ ಇಲ್ಲಿಯ ಗ್ಯಾರೇಜಿಗೆ ಒಯ್ದೆ. ಪ್ಲಗ್ ಬದಲಿಸಿದರು, ಏರ್ ಫಿಲ್ಟರ್ ಬದಲಿಸಿದರು, ಎಂಜಿನ್ನಿಗೆ ಗಾಳಿ ಹೋಗುವ ಬಾಯಿಯನ್ನು ಬಿಚ್ಚಿ ತೊಳೆದರು. ಒಂದು ದಿನ ಸುಮ್ಮನಿದ್ದು ಮರುದಿನ ಮತ್ತೆ ಅದೇ ರಾಗ. ಬೇಕೆಂದೇ ಅರ್ಧ ರಿಪೇರಿ ಮಾಡಿ ಮತ್ತೆ ಮತ್ತೆ ಕರೆಸಿಕೊಳ್ಳುತ್ತಿದ್ದಾರೆ ಎಂದು ಅವರ ಮೇಲೂ ಕಣ್ಣಿಟ್ಟೆ. ಎದುರಿನ ಚಹಾದ ಅಂಗಡಿಯಲ್ಲಿ ಎರಡು ತಾಸು ಕುಳಿತು ಅವರ ಕೈಗಳನ್ನೇ ನೋಡಿದೆ. ಅಂಥದ್ದೇನೂ ಕಾಣಲಿಲ್ಲ. ಹೊರಡುವಾಗ ಅಲ್ಲಿಯ ಮೆಕ್ಯಾನಿಕ್ ಒಂದು ಮಾತು ಕೇಳಿದ: "ನಡುವ ಯಾರರೆ ಕೈ ಹಾಕ್ಯಾರೇನ್ರೀ ಇದಕ್ಕ?" ಆ ಮಾತು ನನ್ನೊಳಗೆ ಕುಳಿತುಬಿಟ್ಟಿತು.

ನಡುವೆ ಕೈ ಹಾಕಿರಬಹುದಾದವನು ಒಬ್ಬನೇ. ಅಕ್ಟೋಬರ್ ಇಪ್ಪತ್ತಾರರ ಭಾನುವಾರ ಚನ್ನವೀರ ತನ್ನ ತಾಯಿಯನ್ನು ಡಾಕ್ಟರಿಗೆ ತೋರಿಸಬೇಕೆಂದು ಗಾಡಿ ಕೇಳಿ ಲಿಂಗಸುಗೂರಿಗೆ ಒಯ್ದ. ಇಪ್ಪತ್ತೇಳರ ಸಂಜೆ ತಂದುಬಿಟ್ಟ. ಇಪ್ಪತ್ತೆಂಟಕ್ಕೆ ದೋಷ. ಒಯ್ಯುವ ಮುಂಚೆ ಗಾಡಿ ಚೆನ್ನಾಗಿತ್ತು ಎಂಬುದಕ್ಕೆ ನಾನೇ ಸಾಕ್ಷಿ. ಅಮಾವಾಸ್ಯೆ ತಪ್ಪಿಸದೆ ನಾನು ಗಾಡಿ ಪೂಜೆ ಮಾಡುವುದು ನಿನಗೆ ಗೊತ್ತೇ ಇದೆ. ಬಂಪರಿಗೆ ವಿಭೂತಿ ಬಳಿದು, ಗಾಲಿಗೆ ನಿಂಬೆಹಣ್ಣು ಇಟ್ಟು ಕೈತೊಳೆದುಕೊಳ್ಳುವವನಲ್ಲ ನಾನು. ಡಿಪೋದ ಹಳೆಯ ಡ್ರೈವರುಗಳಂತೆ ಬಾನೆಟ್ ತೆರೆದು ಎಂಜಿನ್ನಿಗೇ ಪೂಜೆ ಮಾಡುತ್ತೇನೆ. ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ ಹಬ್ಬಕ್ಕೆಂದು ನಿಮಗೆ ಫೋನ್ ಮಾಡಲು ಬಿಟ್ಟಿದ್ದರಲ್ಲ, ಪೂಜೆಯ ನಡುವೆಯೇ ಓಡಿ ಬಂದು ನಿನ್ನ ಜೊತೆ ಮಾತಾಡಿದ್ದೆ. ಆ ದಿನ ಎಂಜಿನ್ನನ್ನು ಒರೆಸಿ, ಕಣ್ಣಾರೆ ನೋಡಿದ್ದೇನೆ. ಅಲ್ಲಿಂದ ಇಪ್ಪತ್ತಾರರವರೆಗೆ ಒಂದು ಸಲವೂ ನಿಂತದ್ದಿಲ್ಲ.

ಇನ್ನೂ ಎರಡು ಸಂಗತಿ. ದಸರೆಗೆ ಬಂದಾಗ ಅವನು ನನ್ನನ್ನು ಕೇಳಿದ್ದ: "ಮಾವಾರ, ಗಾಡಿ ನಿಮ್ಮ ಬಾಗಲ್ದಾಗ ಸುಮ್ಮನ ನಿಂತೈತಿ. ನನಗ ಕೊಟ್ರ ಬೆಳಗಿನ ಪಾಳಿಯವ್ರನ್ನ ಹಟ್ಟಿ ಗಣಿಗೆ ಬಿಟ್ಟು ಬಂದು ಅಂಗಡಿ ತಗೀತೀನಿ." ನೋಡೋಣ ಎಂದಿದ್ದೆ. ಕೊಡುವ ಮನಸ್ಸು ಇರಲಿಲ್ಲ. ಎರಡನೆಯದು, ಇಪ್ಪತ್ತೇಳರ ಸಂಜೆ ಕೀಲಿ ಕೈಗಿಡುವಾಗ ಅವನೇ ತಾನಾಗಿ ಹೇಳಿದ: "ಮಸ್ಕಿ ದಾಟಿದ ಮ್ಯಾಲ ಒಂದ್ಸಲ ಬಂದ್ ಬಿತ್ರೀ ಮಾವಾರ. ಹಳೇ ಗಾಡಿ, ಒಮ್ಮೆ ತೋರಿಸ್ರಿ." ಕೇಳುವ ಮೊದಲೇ ಉತ್ತರ ಹೇಳುವ ಪ್ರಯಾಣಿಕರನ್ನು ನಾನು ಬಹಳ ನೋಡಿದ್ದೇನೆ. ಟಿಕೆಟ್ ಇಲ್ಲದವನೇ ಮೊದಲು ಮಾತು ತೆಗೆಯುತ್ತಾನೆ. ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನು, ಪಾನಾ, ಸ್ಪ್ಯಾನರ್ ಹಿಡಿಯುವ ಕೈ. ಗಾಡಿ ಕೆಟ್ಟರೆ ಬೇಸತ್ತು ನಾನೇ ಕೊಟ್ಟುಬಿಡುತ್ತೇನೆ ಎಂದು ಲೆಕ್ಕ ಹಾಕಿರಬಹುದು ಎನ್ನಿಸಿತು. ಇದನ್ನು ನಿನ್ನ ಅವ್ವನಿಗೆ ಹೇಳಿದರೆ, "ಹೆಂಡ್ತೀನ ಪೊಲೀಸಿಗೆ ಕಳಿಸಿ, ಮಂದಿ ನಗಾಕತ್ರೂ ಕೂಸಿನ ಜಡಿ ಹಾಕಾಕತ್ಯಾನ ಅಂವ. ಅಂಥವನ ಮ್ಯಾಲ ಸಂಶೇ ಪಡಾಕ ನಾಚಿಕಿ ಬರಂಗಿಲ್ಲೇನ್ರಿ?" ಎಂದು ಪಾತ್ರೆ ಕುಕ್ಕಿದಳು. ಜಡೆ ಹಾಕುವುದು ಬೇರೆ, ಗಾಡಿ ಬೇರೆ ಎಂದೆ.

ಒಂಬತ್ತನೇ ತಾರೀಖು ಭಾನುವಾರ. ಊಟಕ್ಕೆ ಕುಳಿತಿದ್ದೆವು. ರೊಟ್ಟಿ, ಪುಂಡಿಪಲ್ಯ, ಭುವನಿಗೆ ಹಾಲನ್ನ. ನಾನು ಬೈಯಲಿಲ್ಲ, ದನಿ ಎತ್ತಲಿಲ್ಲ. ಲಿಂಗಸುಗೂರಿನಲ್ಲಿ ಬಾನೆಟ್ ತೆರೆದಿದ್ದೆಯಾ ಎಂದು ಕೇಳಿದೆ. ಇಲ್ಲ ಎಂದ. ನಿನ್ನ ಅಂಗಡಿಯ ಹತ್ತಿರ ನಿಲ್ಲಿಸಿದ್ದಾಗ ಬೇರೆ ಯಾರಾದರೂ ತೆರೆದರೇ ಎಂದೆ. ಇಲ್ಲ ಎಂದ. ಸರಿಯಾಗಿ ನೆನಪು ಮಾಡಿಕೋ ಎಂದು ಮೂರನೇ ಸಲ ಕೇಳಿದಾಗ ಮುರಿದ ರೊಟ್ಟಿಯನ್ನು ತಾಟಿನಲ್ಲಿ ಇಟ್ಟ. "ಮಾವಾರ, ಸುತ್ತಿ ಬಳಸಿ ಬ್ಯಾಡ. ನಾ ಗಾಡಿ ಕೆಡಿಸೀನಿ ಅಂತ ನಿಮ್ಮ ಮನಸಿನ್ಯಾಗ ಐತಿ. ಹೌದಿಲ್ಲೋ?" ನಾನು ತಾಟಿನ ಕಡೆ ನೋಡಿದೆ. "ಸುಮ್ಮ ಕುಂತ್ರ ಹೌದು ಅಂದಂಗ ಆತು" ಎಂದು ಎದ್ದು ಕೈತೊಳೆದ. ನಿನ್ನ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಅತ್ತಿ, ನಿಮ್ಮ ಮ್ಯಾಲ ಸಿಟ್ಟಿಲ್ಲರೀ" ಎಂದು ಮಗುವನ್ನು ಎತ್ತಿಕೊಂಡು, ನಾನು ಬಿಟ್ಟುಬರುತ್ತೇನೆ ಎಂದರೂ ಕೇಳದೆ ಬಸ್ ನಿಲ್ದಾಣಕ್ಕೆ ನಡೆದೇ ಹೋದ. ಹದಿನಾರರ ಭಾನುವಾರ ಬರಲಿಲ್ಲ. ಭುವನಿಯ ಸಣ್ಣ ತಾಟನ್ನು ನಿನ್ನ ಅವ್ವ ತೊಳೆದು ಇಟ್ಟವಳು ಹಾಗೆಯೇ ಬೋರಲು ಹಾಕಿದಳು. ಸಂಜೆ ನೀನು ಫೋನಿನಲ್ಲಿ, "ಭುವನಿ ಬಂದಿದ್ಲೇನಪ್ಪಾ?" ಎಂದು ಕೇಳಿದಾಗ ಬಸ್ ಸಿಗಲಿಲ್ಲವಂತೆ ಎಂದೆ. ಅದು ಸುಳ್ಳು. ಅವನೂ ನಿನಗೆ ಏನೂ ಹೇಳಿಲ್ಲವೆಂದು ಆಗ ತಿಳಿಯಿತು. ತಪ್ಪಿಲ್ಲದವನು ಹೆಂಡತಿಯ ಮುಂದೆ ದೂರದೆ ಇರುತ್ತಾನೆಯೇ? ಅದನ್ನೂ ಡೈರಿಯಲ್ಲಿ ಬರೆದುಕೊಂಡೆ.

ನಿನ್ನೆ ಮಂಗಳವಾರ ಮಸ್ಕಿಗೆ ಹೋದೆ. ಸಿಂಧನೂರಿನ ಮೆಕ್ಯಾನಿಕ್ ನನ್ನ ಮುಖ ನೋಡಿ ಹೇಳುತ್ತಾನೆ, ಲಿಂಗಸುಗೂರಿನವನು ಅಳಿಯನ ಮುಖ ನೋಡಿ ಹೇಳುತ್ತಾನೆ. ನಡುವಿನ ಊರಿನವನಿಗೆ ಇಬ್ಬರ ಹಂಗೂ ಇರುವುದಿಲ್ಲ ಎಂಬುದು ನನ್ನ ವಿಚಾರ. ದಾರಿಯುದ್ದಕ್ಕೂ ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಎದುರು ಗಾಡಿ ಬಂದಾಗಲೆಲ್ಲ ನಿಲ್ಲಬೇಕು, ನಿಂತಾಗಲೆಲ್ಲ ಬಂದ್. ಒಂಬತ್ತು ಸಲ. ಮಸ್ಕಿಯ ಮೆಕ್ಯಾನಿಕ್ ಭೀಮೇಶ, ಮೂವತ್ತೈದರ ಪ್ರಾಯದವನು, ನನ್ನ ಡೈರಿಯನ್ನು ತಿರುವಿ, "ಏನ್ ಕಾಕಾ, ಗಾಡಿ ಜಾತಕ ಬರಸ್ಕೊಂಡು ಬಂದೀರಿ! ಕನ್ಯಾ ನೋಡೂದೈತೇನು ಇದಕ್ಕ?" ಎಂದ. ಆದರೆ ಪೂರ್ತಿ ಓದಿದ. ಬೆಳಿಗ್ಗೆಯೂ ಅಷ್ಟೇ, ಮಧ್ಯಾಹ್ನವೂ ಅಷ್ಟೇ, ಬಿಸಿಗೂ ತಣ್ಣಗೂ ಸಂಬಂಧವಿಲ್ಲ, ಓಡುವಾಗ ಒಮ್ಮೆಯೂ ಇಲ್ಲ ಎಂಬುದನ್ನು ನೋಡಿ, "ಎಲ್ಲೋ ಗಾಳಿ ಎಳ್ಯಾಕತ್ತೈತಿ" ಎಂದ. ನನಗೆ ತಿಳಿಯುವಂತೆ ಬಿಡಿಸಿ ಹೇಳಿದ. ಎಂಜಿನ್ನಿಗೆ ಪೆಟ್ರೋಲಿನ ಜೊತೆ ಗಾಳಿಯೂ ಅಳತೆಯ ಮೇಲೆ ಹೋಗಬೇಕು. ಓಡುವಾಗ ಅದು ಬಾಯ್ತುಂಬ ಉಸಿರೆಳೆಯುತ್ತದೆ, ಆಗ ಸಣ್ಣ ತೂತಿನ ಗಾಳಿ ಲೆಕ್ಕಕ್ಕೆ ಬರುವುದಿಲ್ಲ. ನಿಂತಾಗ ಅದಕ್ಕೆ ಒಂದು ಗುಟುಕು ಸಾಕು, ಆಗ ಆ ತೂತಿನ ಗಾಳಿಯೇ ಹೆಚ್ಚಾಗಿ ಉಸಿರು ಕಟ್ಟುತ್ತದೆ.

ತೂತು ಹುಡುಕಿದ ರೀತಿಯನ್ನು ನೀನು ನೋಡಬೇಕಿತ್ತು. ಗ್ಯಾರೇಜಿನ ದೇವರ ಫೋಟೋದ ಮುಂದಿನಿಂದ ಉರಿಯುವ ಊದಿನಕಡ್ಡಿಯೊಂದನ್ನು ಕಿತ್ತು ತಂದ. ಎಂಜಿನ್ ಚಾಲು ಮಾಡಿಸಿ, ನನ್ನ ಕಾಲನ್ನು ಆಕ್ಸಿಲರೇಟರಿನ ಮೇಲೆ ಸ್ವಲ್ಪವೇ ಇರಿಸಿ, ತಾನು ಪೈಪುಗಳ ಹತ್ತಿರ ಕಡ್ಡಿಯನ್ನು ಮೆಲ್ಲಗೆ ಆಡಿಸತೊಡಗಿದ. ಎಲ್ಲ ಕಡೆ ಹೊಗೆ ಮೇಲಕ್ಕೇ ಏಳುತ್ತಿತ್ತು. ಒಂದು ಕಡೆ ಮಾತ್ರ ಅಡ್ಡ ತಿರುಗಿ ದಾರದಂತೆ ಒಳಕ್ಕೆ ಹೋಯಿತು. "ಸಿಕ್ತು ನೋಡ್ರಿ ಕಾಕಾ, ಇಳದು ಬರ್ರಿ." ಪೆನ್ಸಿಲಿನಷ್ಟು ದಪ್ಪದ ಒಂದು ಕುಳ್ಳ ನಳಿಕೆ, ಬಾಯಿ ತೆರೆದುಕೊಂಡಿತ್ತು. ಭೀಮೇಶ ಅದರ ಮೇಲೆ ಹೆಬ್ಬೆರಳು ಒತ್ತಿದ. ಇಪ್ಪತ್ತು ದಿನದಿಂದ ತೇಕುತ್ತಿದ್ದ ಎಂಜಿನ್ ಆ ಕ್ಷಣದಲ್ಲೇ ಒಂದೇ ಸಮ ಗುಂಯ್‌ಗುಡತೊಡಗಿತು. ಬೆರಳು ತೆಗೆದರೆ ತೇಕು, ಒತ್ತಿದರೆ ಸಮ. ನನಗೂ ಒತ್ತಲು ಕೊಟ್ಟ. ಒಳಗಿನಿಂದ ಎಳೆದು ಹಿಡಿದಂತಾಯಿತು.

ಇಲ್ಲಿಂದ ಮುಂದಿನದನ್ನು ಗಮನವಿಟ್ಟು ಓದು. ಅಲ್ಲಿ ಬಾಯಿ ಮುಚ್ಚುವ ಒಂದು ರಬ್ಬರಿನ ಟೊಪಗಿ ಇರಬೇಕಿತ್ತು ಎಂದು ಭೀಮೇಶ ಹೇಳಿದ. ತಾನಾಗಿ ಬಿದ್ದಿರಬಹುದೇ ಎಂದು ಕೇಳಿದೆ. "ಹಳೇದಾಗಿ ಸೀಳಿ ಬಿದ್ದಿದ್ರ ಬುಡಕ್ಕ ತುಣುಕು ಅಂಟಿರ್ತಿತ್ರೀ. ಇದು ಕೈಲೆ ಕಿತ್ತಿದ್ದು." ಮುಗಿಯಲಿಲ್ಲ. ನಳಿಕೆಯ ಬಾಯಲ್ಲಿ ಕಪ್ಪಗೆ ಒಣಗಿದ ಜಿಗುಟು ಇತ್ತು. ಉಗುರಿನಿಂದ ಕೆರೆದು ಮೂಸಿ, "ಸಿಹಿ ವಾಸನಿ ಬರಾಕತ್ತೈತಿ. ಟೊಪಗಿ ಕಿತ್ತು ಯಾರೋ ಏನೋ ಮೆತ್ಯಾರ" ಎಂದ. ಎಂಜಿನ್ ಹಾಳು ಮಾಡಲು ಸಕ್ಕರೆ ಹಾಕುತ್ತಾರೆ ಎಂದು ಡಿಪೋದಲ್ಲಿ ಕೇಳಿದ್ದೆ. ಅಂದರೆ ಟೊಪಗಿ ಕಿತ್ತವನು, ಗಾಡಿಯನ್ನು ನನಗೆ ಒಪ್ಪಿಸುವವರೆಗೆ ಸರಿಯಾಗಿ ಓಡಲಿ, ಆಮೇಲೆ ಕೆಡಲಿ ಎಂದು ತಾತ್ಕಾಲಿಕವಾಗಿ ಏನನ್ನೋ ಮೆತ್ತಿದ್ದಾನೆ. ಇದು ಮರೆವಲ್ಲ, ಯೋಜನೆ. ಭೀಮೇಶ ಬೇರೊಂದು ಟೊಪಗಿ ಹಾಕಿ ಕ್ಲಿಪ್ ಬಿಗಿದ. ಎಂಜಿನ್ನಿನ ಮೇಲೆ ಚಹಾದ ಗ್ಲಾಸ್ ಇಟ್ಟು ತೋರಿಸಿದ, ಒಂದು ಹನಿಯೂ ತುಳುಕಲಿಲ್ಲ. ಬರುವಾಗ ಭತ್ತದ ರಾಶಿಗಳ ನಡುವೆ ಹನ್ನೊಂದು ಸಲ ನಿಲ್ಲಿಸಿದೆ. ಒಮ್ಮೆಯೂ ಬಂದ್ ಆಗಲಿಲ್ಲ. ಸಂತೋಷವಾಗಬೇಕಿತ್ತು, ಆಗಲಿಲ್ಲ.

ಈಗ ನಿನ್ನಿಂದ ಒಂದು ಕೆಲಸ. ಬರುವ ಭಾನುವಾರದ ಫೋನಿನಲ್ಲಿ ಚನ್ನವೀರನನ್ನು ನೇರವಾಗಿ ಕೇಳು, ರಬ್ಬರಿನ ಟೊಪಗಿ ಎಲ್ಲಿ ಎಂದು. ಅಷ್ಟೇ ಮಾತು. ನನಗೆ ಇಲ್ಲ ಎಂದವನು ನಿನಗೆ ಇಲ್ಲ ಎನ್ನಲಾರ. ಗಾಡಿ ಬೇಕಿದ್ದರೆ ಮತ್ತೊಮ್ಮೆ ಕೇಳಬಹುದಿತ್ತು. ಕೆಡಿಸಿ ಪಡೆಯುವವನ ಜೊತೆ ನೀನು ಮುಂದೆ ಹೇಗೆ ಬಾಳುತ್ತೀಯ ಎಂಬುದೇ ನನ್ನ ಚಿಂತೆ. ನಿನ್ನ ಅವ್ವ ಈ ಕಾಗದ ಬರೆಯುವುದೇ ಬೇಡ ಎಂದಳು. ನಿನಗೆ ಗೊತ್ತಿಲ್ಲದಂತೆ ಇಡುವುದು ನನಗೆ ಸರಿ ಕಾಣಲಿಲ್ಲ.

ಮೈ ಕಡೆ ಲಕ್ಷ್ಯವಿರಲಿ, ಹೊಟ್ಟೆತುಂಬ ಉಣ್ಣು. ಓಟದಲ್ಲಿ ಹಿಂದೆ ಬಿದ್ದರೂ ಎದೆಗುಂದಬೇಡ. ಅವ್ವನ ಆಶೀರ್ವಾದವೂ ಇದರೊಳಗೆ ಇದೆ. ನಿನ್ನ ಕೋಣೆಯ ಗೆಳತಿಯರಿಗೆ ನಮ್ಮ ನೆನಪು ಹೇಳು.

ಸದಾ ನಿನ್ನ ಒಳಿತನ್ನೇ ಬಯಸುವ
ಅಪ್ಪ, ಪಂಪಾಪತಿ

ತಾ.ಕ.: ಗುರುವಾರ, ಬೆಳಿಗ್ಗೆ ಏಳೂ ಹತ್ತು. ಮೇಲಿನದನ್ನೆಲ್ಲ ಓದಿದ್ದರೆ ಇದನ್ನೂ ಓದು, ಇದೇ ಮುಖ್ಯ. ಚನ್ನವೀರನನ್ನು ಏನೂ ಕೇಳಬೇಡ. ಟೊಪಗಿ ಸಿಕ್ಕಿದೆ. ಇಂದು ಅಮಾವಾಸ್ಯೆ. ಗಾಡಿ ತೊಳೆದು ಪೂಜೆಯ ಡಬ್ಬಿ ತೆರೆದರೆ ವಿಭೂತಿ ಗಟ್ಟಿಯ ಕೆಳಗೆ ಕಪ್ಪನೆಯ ರಬ್ಬರಿನ ಟೊಪಗಿ. ಒಂದು ನಿಮಿಷ ಅವನೇ ತಂದು ಇಟ್ಟಿರಬೇಕು ಎಂದೂ ಅಂದುಕೊಂಡೆ, ನೋಡು ನನ್ನ ಬುದ್ಧಿ. ಆಮೇಲೆ ಒಂದೊಂದೇ ನೆನಪಾಯಿತು. ಪ್ರತಿ ಸಲ ಊದಿನಕಡ್ಡಿಯನ್ನು ಬ್ಯಾಟರಿಯ ಪಕ್ಕದ ಸಂದಿನಲ್ಲಿ ಸಿಕ್ಕಿಸುತ್ತಿದ್ದೆ. ದಸರೆಗೆ ಹಾಕಿಸಿದ ಹೊಸ ಬ್ಯಾಟರಿ ಬಿಗಿಯಾಗಿ ಕೂತು ಸಂದು ಮುಚ್ಚಿತ್ತು. ದೀಪಾವಳಿಯ ದಿನ ಬೇರೆ ಜಾಗ ಹುಡುಕುವಾಗ ಆ ನಳಿಕೆ ಕಂಡಿತು. ಟೊಪಗಿ ಕಿತ್ತು ಡಬ್ಬಿಗೆ ಹಾಕಿ, ಕಡ್ಡಿ ಅಲುಗಾಡದಿರಲಿ ಎಂದು ಬಾಳೆಹಣ್ಣಿನ ತುಂಡು ಒತ್ತಿ, ಅದಕ್ಕೆ ಐದು ಕಡ್ಡಿ ಚುಚ್ಚಿದೆ. ಅಷ್ಟರಲ್ಲಿ ನಿನ್ನ ಫೋನ್ ಬಂತೆಂದು ಅವ್ವ ಕೂಗಿದಳು. ಓಡಿದೆ. ನಿನ್ನ ದನಿ ಕೇಳಿ ಮರಳಿ ಬಂದವನು ಉರಿದ ಕಡ್ಡಿಗಳನ್ನಷ್ಟೇ ಕಿತ್ತು ಬಾನೆಟ್ ಇಳಿಸಿದೆ, ಟೊಪಗಿಯ ನೆನಪೇ ಇಲ್ಲ. ಆರು ದಿನ ಬಾಳೆಹಣ್ಣು ತೂತನ್ನು ಮುಚ್ಚಿತ್ತು. ಒಣಗಿ ಬಿಟ್ಟುಕೊಂಡದ್ದು ಅವನ ಕೈಯಲ್ಲಿದ್ದಾಗ. ಅವನು ಅದನ್ನು ಅಂದೇ ನನಗೆ ಹೇಳಿದ್ದ. ನಿನಗೆ ಮಾತ್ರ ಯಾಕೆ ಹೇಳಲಿಲ್ಲ ಎಂಬುದೂ ಈಗ ತಿಳಿಯುತ್ತಿದೆ. ಅಲ್ಲಿ ನಿನ್ನ ಓಟ ಕೆಡಬಾರದೆಂದು.

ನಿನ್ನ ಅವ್ವನಿಗೆ ಟೊಪಗಿ ತೋರಿಸಿದೆ. ನಗಲಿಲ್ಲ, ಬೈಯಲೂ ಇಲ್ಲ. "ಗಾಡಿ ತಗೀರಿ" ಎಂದಳು. ಈ ಕಾಗದ ಹರಿದು ಬೇರೆ ಬರೆಯಬಹುದಿತ್ತು, ಹರಿಯಲು ಕೈ ಬರಲಿಲ್ಲ. ಅವನ ಮೇಲೆ ನಾನು ಏನೇನು ಹೊರಿಸಿದ್ದೆ ಎಂಬುದು ನಿನಗೆ ನನ್ನ ಅಕ್ಷರದಲ್ಲೇ ಗೊತ್ತಿರಲಿ. ಫೋನ್ ಮಾಡಿದರೆ "ಇರ್ಲಿ ಬಿಡ್ರಿ ಮಾವಾರ" ಎಂದು ಮುಗಿಸಿಬಿಡುತ್ತಾನೆ, ಅದಕ್ಕೆ ಈಗಲೇ ಲಿಂಗಸುಗೂರಿಗೆ ಹೊರಟಿದ್ದೇವೆ, ಇದನ್ನು ದಾರಿಯಲ್ಲಿ ಮಸ್ಕಿಯ ಅಂಚೆ ಕಚೇರಿಯಲ್ಲಿ ಹಾಕುತ್ತೇನೆ. ಟೊಪಗಿ ನನ್ನ ಅಂಗಿಯ ಜೇಬಿನಲ್ಲಿದೆ. ಕೀಲಿ ಅವನಿಗೇ ಕೊಟ್ಟು, ನಾವು ಬಸ್ಸಿಗೆ ಬರುತ್ತೇವೆ. ತೆಗೆದುಕೊಳ್ಳುತ್ತಾನೋ ಇಲ್ಲವೋ ತಿಳಿಯದು. ಅವನ ಮನೆಯ ಮುಂದೆ ನಿಲ್ಲಿಸಿ ಹಾರ್ನ್ ಹಾಕುವುದಿಲ್ಲ, ಎಂಜಿನ್ ಬಂದ್ ಮಾಡುವುದೂ ಇಲ್ಲ. ಎಷ್ಟು ಹೊತ್ತಾದರೂ ಸರಿ, ಅವನು ಹೊರಗೆ ಬರುವವರೆಗೆ ಅದು ಚಾಲು ಇರುತ್ತದೆ.